‘ಯಾವಾಗ ಊಟಾ ಹಾಕಸ್ತಿ?’ ಎಂದವರಿಗೆ ಏನು ಹೇಳಬೇಕು

ಮದುವೆ, ಕುಬಸ (ಸೀಮಂತ), ತೊಟ್ಟಿಲು, ವಾಸ್ತುಶಾಂತಿ: ಹುಬ್ಬಳ್ಳಿ-ಧಾರವಾಡದ ಕಡೆ ನಾಲ್ಕು ಮಂದಿ ಕೂಡಿದಲ್ಲಿ ಈ ಪ್ರಶ್ನೆಗಳು ತಪ್ಪಿದ್ದಲ್ಲ. ‘ಯಾವಾಗ ಊಟಾ ಹಾಕಸ್ತಿ?’ (ಅಂದರೆ ಮದುವೆ ಯಾವಾಗ), ‘ಏನರ ಸುದ್ದಿ ಐತೇನವಾ?’, ‘ಪಗಾರ ಎಷ್ಟ ಬರ್ತೈತಿ?’ ಕೇಳುವವರಲ್ಲಿ ಹೆಚ್ಚಿನವರಿಗೆ ಇದು ಮಾತು ಶುರು ಮಾಡುವ ರೂಢಿ, ಅಷ್ಟೇ. ಆದರೆ ಗರ್ಭ ನಿಲ್ಲದೆ ನೊಂದವಳಿಗೆ, ಕೆಲಸ ಕಳಕೊಂಡವನಿಗೆ ಆ ರೂಢಿಯೇ ಚುಚ್ಚುತ್ತದೆ. ಉತ್ತರ ಮೊದಲೇ ಸಿದ್ಧವಿಲ್ಲದಿದ್ದರೆ ಗಾಬರಿಯಲ್ಲಿ ಬೇಡದ್ದನ್ನೆಲ್ಲ ಹೇಳಿಬಿಡುತ್ತೇವೆ, ಇಲ್ಲವೇ ಸಿಟ್ಟಿನಲ್ಲಿ ಮಾತು ಜಾರುತ್ತದೆ.

ಕಾರ್ಯಕ್ಕೆ ಹೊರಡುವ ಮುನ್ನಿನ ದಿನ, ಅಲ್ಲಿ ಬರಬಹುದಾದ ಎರಡು ಮೂರು ಪ್ರಶ್ನೆಗಳನ್ನು ನೆನಪಿಸಿಕೊಂಡು, ಒಂದೊಂದಕ್ಕೆ ಒಂದೇ ಸಾಲಿನ ಉತ್ತರ ಮಾಡಿಕೊಳ್ಳಿ. ನಾಲ್ಕೈದು ಶಬ್ದ ಸಾಕು. ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸಿನಲ್ಲಿ ಸರಿಯೆನಿಸಿದ್ದು ನಾಲಿಗೆಯ ಮೇಲೆ ತಡವರಿಸುವುದುಂಟು. ಗಂಡ-ಹೆಂಡತಿ ಇಬ್ಬರದೂ ಒಂದೇ ಉತ್ತರವಾಗಿರಬೇಕು. ಅವನು ‘ಇನ್ನೆರಡು ವರ್ಷ ಬ್ಯಾಡಂದೀವಿ’ ಎಂದು ಪಡಸಾಲೆಯಲ್ಲಿ, ಇವಳು ‘ದೇವರು ಕೊಟ್ಟಾಗ’ ಎಂದು ಅಡುಗೆಮನೆಯಲ್ಲಿ ಹೇಳಿದರೆ, ಸಂಜೆಯೊಳಗೆ ಎರಡನ್ನೂ ಕೂಡಿಸಿ ನೋಡುವವರು ಇದ್ದೇ ಇರುತ್ತಾರೆ. ಅವನ ಕಡೆಯವರಿಗೆ ಅವನೇ ಉತ್ತರ ಕೊಡಲಿ. ಅತ್ತೆಮನೆಯ ಹೆಂಗಸರ ನಡುವೆ ಸೊಸೆಯೊಬ್ಬಳನ್ನೇ ಬಿಟ್ಟು ಗಂಡ ಹೊರಗೆ ಹರಟೆ ಹೊಡೆಯುವುದೇ ಅರ್ಧ ತೊಂದರೆಗೆ ಮೂಲ.

ಉತ್ತರದಲ್ಲಿ ಕಾರಣ, ತಾರೀಖು, ಡಾಕ್ಟರ ಹೆಸರು ಈ ಮೂರೂ ಇರಬಾರದು. ಕಾರಣ ಹೇಳಿದರೆ ಅದಕ್ಕೊಂದು ಪರಿಹಾರ ಬರುತ್ತದೆ. ‘ಮುಂದಿನ ವರ್ಷ’ ಎಂದರೆ ಮುಂದಿನ ವರ್ಷ ಮರೆಯದೆ ಕೇಳುತ್ತಾರೆ. ಡಾಕ್ಟರ ಹೆಸರು ಹೇಳಿದರೆ ‘ಅವರ ಹತ್ರ ಬ್ಯಾಡವಾ’ ಎಂದು ಇನ್ನೊಬ್ಬರ ವಿಳಾಸ ಕೊಡುತ್ತಾರೆ. ಕುಬಸದ ಮನೆಯಲ್ಲಿ, ಉಡಿ ತುಂಬಿ ಆದಮೇಲೆ ಇದು ಹೀಗೆ ನಡೆಯಬಹುದು:

‘ನಿಂದ್ಯಾವಾಗವಾ?’

‘ಆದಾಗ ನಿಮಗ ಹೇಳ್ತೀನ್ರಿ, ಚಿಗವ್ವ.’

‘ಅಲ್ಲ, ದವಾಖಾನಿಗರ ಹೋಗಿದ್ರೇನು?’

‘ಆದಾಗ ಹೇಳ್ತೀನ್ರಿ.’

‘ನಮ್ಮ ಪೈಕಿ ಒಬ್ಬಾಕಿಗೆ ಏಳು ವರ್ಷಕ್ಕ ಆತು. ಗದಗಿನ್ಯಾಗ ಒಬ್ರು ಡಾಕ್ಟರದಾರ...’

‘ಚಿಗವ್ವ, ಈ ಮಾತು ಇಲ್ಲಿಗೆ ಬಿಡೂಣ್ರಿ. ಊಟಕ್ಕ ಎಲಿ ಹಾಕ್ಯಾರ, ಬರ್ರಿ.’

ಎರಡನೆಯ ಸಲ ಹೊಸ ಮಾತು ಸೇರಿಸಲಿಲ್ಲ, ದನಿ ಏರಿಸಲಿಲ್ಲ. ಸುಮ್ಮನೆ ಮಾತಿಗೆ ಕೇಳಿದವರು ಇಲ್ಲಿಗೇ ಬಿಡುತ್ತಾರೆ. ಬಿಡದಿದ್ದರೆ ಅವರಿಗೆ ಬೇಕಾದದ್ದು ಸುದ್ದಿ ಎಂದು ತಿಳಿಯಿರಿ. ಮೂರನೆಯ ಸಲ ನೇರವಾಗಿ ನಿಲ್ಲಿಸಿ, ಕೂಡಲೇ ಎದ್ದು ಒಂದು ಕೆಲಸ ಹಿಡಿದದ್ದಾಯಿತು. ಸಂಬಂಧ ಹಿಡಿದು ಕರೆದದ್ದರಿಂದ ಹಿರಿಯರ ಮರ್ಯಾದೆಯೂ ಉಳಿಯಿತು. ‘ಬಿಡೂಣ್ರಿ’ ಅನ್ನುವಾಗ ಮಾತ್ರ ನಗಬೇಡಿ. ನಕ್ಕರೆ ಚೇಷ್ಟೆ ಎಂದುಕೊಂಡು ಮತ್ತೆ ಶುರು ಮಾಡುತ್ತಾರೆ.

ಇನ್ನೊಂದು ತಪ್ಪು, ತಿರುಗೇಟು ಕೊಡುವುದು. ‘ನಿಮ್ಮ ಮಗಳು ಯಾಕ ತವರಮನ್ಯಾಗ ಅದಾಳ್ರಿ?’ ಎಂದರೆ ಚಿಗವ್ವನ ಬಾಯಿ ಮುಚ್ಚಬಹುದು, ಆದರೆ ಏಟು ಬೀಳುವುದು ಅಲ್ಲಿಲ್ಲದ ಆ ಹುಡುಗಿಗೆ. ಅದನ್ನು ಯಾವತ್ತೂ ಮಾಡಬಾರದು.

ಗಂಡು ಮಕ್ಕಳ ನೋವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಒಕ್ಕಲುತನ ಮಾಡುವ ಹುಡುಗನಿಗೆ ‘ಇನ್ನೂ ಕನ್ಯಾ ಸಿಗಲಿಲ್ಲೇನೋ ತಮ್ಮಾ?’ ಎಂದು ಚಾದಂಗಡಿಯಲ್ಲೇ ಹತ್ತು ಮಂದಿ ಎದುರು ಕೇಳುತ್ತಾರೆ. ‘ಹುಡುಕಾಕತ್ತೀವ್ರಿ, ಕಾಕಾ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಧಾರಣಿ ಹೆಂಗೈತ್ರಿ?’ ಎಂದು ಮಾತು ಹೊರಳಿಸಿ. ಹೊರಳಿಸುವ ವಿಷಯ ಕೇಳಿದವರಿಗೆ ಹುರುಪಿನದಾಗಿರಬೇಕು. ಹವಾಮಾನದ ಮಾತು ಎರಡು ನಿಮಿಷಕ್ಕೆ ಮುಗಿದು ಮತ್ತೆ ಕನ್ಯಾಕ್ಕೇ ಬರುತ್ತದೆ.

ಪಗಾರಕ್ಕೆ ‘ಖರ್ಚಿಗೆ ಸಾಕಾಗ್ತೈತ್ರಿ’ ಸಾಕು. ಆದರೆ ಸಂಬಂಧ ಬೆಳೆಸಲು ಬಂದ ಬೀಗರು ಪಗಾರ, ಸಾಲ, ಆರೋಗ್ಯ ಕೇಳಿದರೆ ಅದು ಅವರ ಹಕ್ಕು, ನಿಜವನ್ನೇ ಹೇಳಬೇಕು. ಬಾಡಿಗೆ ಮನೆಯ ಮಾಲೀಕರು ಕೆಲಸವೇನು, ಎಷ್ಟು ಮಂದಿ ಇರುತ್ತೀರಿ ಎಂದು ಕೇಳುವುದು ಸರಿ. ‘ನೀವು ಯಾರ ಪೈಕಿ?’ ಎಂದಾಗ ಜಾತಿ ಹೇಳಬೇಕಾಗಿಲ್ಲ, ಊರು ಮತ್ತು ಕೆಲಸ ಹೇಳಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಪಕ್ಕದವರು ಕೇಳಿದರಂತೂ ‘ಧಾರವಾಡದಾವ್ರು’ ಎಂದು ಕಿಟಕಿಯತ್ತ ನೋಡಿದರೆ ಮುಗಿಯಿತು.

ಬಸುರಿಯನ್ನು ‘ಸ್ಕ್ಯಾನಿಂಗ್‌ನ್ಯಾಗ ಏನಂದ್ರು, ಗಂಡೋ ಹೆಣ್ಣೋ?’ ಎಂದು ಕೇಳುವವರಿಗೆ ಒಂದೇ ಮಾತು: ‘ಹೇಳಿದ್ರ ಡಾಕ್ಟರಿಗೆ ಜೈಲ್ರಿ.’ 1994ರ ಕಾಯಿದೆಯ ಪ್ರಕಾರ ಭ್ರೂಣದ ಲಿಂಗ ತಿಳಿಸುವುದು ಅಪರಾಧ.

ಮಕ್ಕಳ ಎದುರು ‘ಇದ್ಯಾಕ ಇಷ್ಟು ಕಪ್ಪಗೈತಿ?’ ಅಂದಾಗ ತಡಮಾಡಬಾರದು. ಮನೆಗೆ ಬಂದ ಮೇಲೆ ಸಮಾಧಾನ ಹೇಳಿದರೆ ಸಾಲದು; ಮಗು ಅವಮಾನವನ್ನು ಎಲ್ಲರ ಎದುರು ಕೇಳಿದೆ, ಉತ್ತರವನ್ನೂ ಅಲ್ಲೇ ಕೇಳಬೇಕು. ‘ನಮಗ ನಮ್ಮ ಕೂಸು ಭಾಳ ಚಂದ ಐತ್ರಿ, ಅದರ ಮುಂದ ಹಂಗ ಅನಬ್ಯಾಡ್ರಿ.’ ಇದನ್ನು ಅಜ್ಜಿಗೂ ಹೇಳಬೇಕು, ಮೆಲ್ಲಗೆ.

ಸತ್ತವರ ಮನೆಯಲ್ಲಿ ‘ಹೆಂಗಾತು?’ ಎಂಬ ಪ್ರಶ್ನೆಗೆ ಬಂದವರಿಗೆಲ್ಲ ಮೊದಲಿಂದ ಹೇಳಿ ಹೇಳಿ ಮನೆಯವರು ಸೋತು ಹೋಗುತ್ತಾರೆ. ದೂರದ ಸಂಬಂಧಿಯೊಬ್ಬರನ್ನು ಬಾಗಿಲ ಹತ್ತಿರ ಕೂಡ್ರಿಸಿ, ಎರಡು ಮಾತಿನಲ್ಲಿ ವಿಷಯ ತಿಳಿಸಿ ‘ಒಳಗ ಏನೂ ಕೇಳಬ್ಯಾಡ್ರಿ’ ಎಂದು ಹೇಳಲು ಬಿಡಿ. ಜೀವ ಕಳಕೊಂಡ ರೈತನ ಮನೆಯಲ್ಲಿ ‘ಸಾಲ ಎಷ್ಟಿತ್ತು?’ ಎಂದು ಹೆಂಡತಿಯ ಎದುರು ಕೇಳುವವರನ್ನು ಊರ ಹಿರಿಯರೇ ಹೊರಗೆ ಕರೆದುಕೊಂಡು ಹೋಗಬೇಕು. ಆ ಮನೆಯವರಿಗೆ ದುಃಖ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಬಹುದು; ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಆಫೀಸಿನಲ್ಲಿ ಮೈ, ಸೀರೆ, ರಾತ್ರಿಯ ವಿಷಯ ಎತ್ತಿ ಅಸಭ್ಯವಾಗಿ ಆಡಿದರೆ ಮೇಲಿನ ಉಪಾಯಗಳು ಬೇಡ. ‘ಈ ಮಾತು ನನಗ ಸೇರೂದಿಲ್ಲ’ ಎಂದು ಒಮ್ಮೆ ಹೇಳಿ, ಅದೇ ದಿನ ತಾರೀಖು, ಹೊತ್ತು, ಆಡಿದ ಮಾತು, ಎದುರಿಗಿದ್ದವರ ಹೆಸರು ಬರೆದಿಡಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಂತೆ 10 ಅಥವಾ ಹೆಚ್ಚು ಮಂದಿ ಇರುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಮಹಿಳೆಯರು ಅದಕ್ಕೆ 3 ತಿಂಗಳೊಳಗೆ ಬರೆದು ದೂರು ಕೊಡಬಹುದು. ಅದಕ್ಕಿಂತ ಸಣ್ಣ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು.

ಕೇಳಿದವರು ನೀವೇ ಆಗಿದ್ದು, ಎದುರಿಗಿದ್ದವರ ಮುಖ ಬಾಡಿದ್ದು ಕಂಡರೆ ‘ಕೇಳಬಾರದಿತ್ತು, ತಪ್ಪಾತವಾ’ ಎಂದು ಅಲ್ಲೇ ಹೇಳಿಬಿಡಿ. ಯಾಕೆ ಕೇಳಿದೆ ಎಂದು ಬಿಡಿಸಿ ಹೇಳಲು ಹೋಗಬೇಡಿ, ಮರುದಿನ ಹರಕೆಯ ಗುಡಿಯ ಹೆಸರು ಹಿಡಿದು ಫೋನೂ ಮಾಡಬೇಡಿ.