ಹೆರಾಲ್ಡ್‌ನ ಸ್ವಿಂಗ್ ಆಕ್ಸಲ್ ಉಳಿಸಿಕೊಂಡ ಬಗೆ: ನನ್ನ ಅನುಭವ

ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರೆಲ್ಲ ಈ ಮಾತು ಕೇಳಿಯೇ ಇರುತ್ತೀರಿ: "ಸಾರ್, ಹಿಂದಿನ ಸ್ವಿಂಗ್ ಆಕ್ಸಲ್ ಕಿತ್ತಾಕಿ, ಗ್ಯಾಝೆಲ್‌ದು ಹಾಕ್ಸಿಬಿಡಿ." ಮೈಸೂರಿನಲ್ಲೂ ಅದೇ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಅದೇ. ಸ್ವಿಂಗ್ ಆಕ್ಸಲ್ ಅಂದರೆ, ನಡುವಿನ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರ್ ಪೆಟ್ಟಿಗೆ) ಪಕ್ಕ ಮಾತ್ರ ಕೀಲಿದ್ದು, ಹಿಂದಿನ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ತೂಗಾಡುವ ಆಕ್ಸಲ್. ಹೆರಾಲ್ಡ್ ತಯಾರಿಸುತ್ತಿದ್ದ ಮದ್ರಾಸಿನ ಕಂಪನಿಯೇ 1972ರಲ್ಲಿ ಗ್ಯಾಝೆಲ್ ಕಾರು ತಂದಾಗ 948 ಸಿಸಿ ಎಂಜಿನ್ ಉಳಿಸಿಕೊಂಡು ಹಿಂಬದಿಗೆ ಎರಡೂ ಚಕ್ರ ಒಂದೇ ಕಟ್ಟಾಗಿ ಇರುವ ಗಟ್ಟಿ ಆಕ್ಸಲ್ ಕೊಟ್ಟಿತು, ಹಾಗಾಗಿ ಮೆಕ್ಯಾನಿಕ್‌ಗಳ ಬಾಯಲ್ಲಿ ಈ ಸಲಹೆ ಕೂತುಬಿಟ್ಟಿದೆ. ನಾನು ಒಪ್ಪಲಿಲ್ಲ. ಈಗ ನನ್ನ ಎರಡು ಬಾಗಿಲಿನ ಗಾಡಿ ಅದೇ ಹಳೇ ಆಕ್ಸಲ್ ಮೇಲೆ ಚಾಮುಂಡಿ ಬೆಟ್ಟ ಇಳಿಯುತ್ತೆ, ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಚುವುದಿಲ್ಲ. "ಆಗೋದಿಲ್ಲ ಬಿಡಿ" ಅಂದವರಲ್ಲೇ ಇಬ್ಬರು ತಮ್ಮ ಗಾಡಿಯ ಹಿಂದಿನ ಸ್ಪ್ರಿಂಗಿನ ಬ್ಲೇಡ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿ) ಸೆಟ್ ತಂದು ನನ್ನ ಶೆಡ್ಡಿನಲ್ಲಿ ಇಟ್ಟು ಹೋಗಿದ್ದಾರೆ.

ಈ ಕಾರಿನ ಬೆಲೆಯೇ ಅದರ ವಿಚಿತ್ರ ರಚನೆಯಲ್ಲಿದೆ. ಬಾಡಿ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಂಪನಿ ಪ್ರತಿಸ್ಪರ್ಧಿ ಬಿಎಂಸಿ ಕೈಗೆ ಹೋದ ಮೇಲೆ, ಹೆರಾಲ್ಡ್‌ನ ಮೂಲ ತಯಾರಕರಾದ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಟ್ರಯಂಫ್‌ನವರು ಪ್ರತ್ಯೇಕ ಚಾಸಿಗೆ ತುಂಡುತುಂಡಾಗಿ ಬೋಲ್ಟ್ ಹಾಕುವ ಬಾಡಿ ರಚನೆಗೆ ಇಳಿದರು. ಗೆರೆ ಎಳೆದವನು ಇಟಲಿಯ ಮಿಕೆಲೊಟ್ಟಿ. ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚುತ್ತೆ, ಟೈರ್ ಮೇಲೆ ಕೂತು ಎಂಜಿನ್ನಿನ ಟ್ಯಾಪೆಟ್ ಸೆಟ್ ಮಾಡಬಹುದು. 25 ಅಡಿ ಜಾಗದಲ್ಲಿ ಗಾಡಿ ಪೂರ್ತಿ ತಿರುಗುತ್ತೆ. ಇದೆಲ್ಲ ಬೇಕು, ಆಕ್ಸಲ್ ಮಾತ್ರ ಬೇಡ ಅಂದರೆ ಹೇಗೆ?

ಮೊದಲು ಒಂದು ಅಂಗಡಿಯಲ್ಲಿ ಬ್ಲೇಡ್ ಜಾಸ್ತಿ ಮಾಡಿಸಿದ್ದಾಯಿತು. ಹಿಂಬದಿ ಎದ್ದು ನಿಂತಿತು, ಚಕ್ರಗಳ ಬುಡ ಇನ್ನಷ್ಟು ಒಳಕ್ಕೆ ಹೋಯಿತು, ಮೊದಲಿಗಿಂತ ಅಪಾಯ. ಆಮೇಲೆ ಎಲ್ಲ ಬ್ಲೇಡಿನ ಬಾಗು ಇಳಿಸಿದ್ದಕ್ಕೆ ಖಾಲಿ ಗಾಡಿ ಚೆನ್ನಾಗಿ ನಿಂತಿತು. ನಾಲ್ಕು ಜನ ಕೂತರೆ ಸೈಲೆನ್ಸರ್ ರಸ್ತೆಯ ಉಬ್ಬಿಗೆ ತಾಗೋದು, ಎರಡು ಸಾವಿರ ಕಿಲೋಮೀಟರಿಗೆ ಟೈರಿನ ಒಳಅಂಚು ಸವೆದುಹೋಯಿತು. ನಡುವೆ ಚಕ್ರ ಕೆಳಕ್ಕೆ ಜೋತುಬೀಳದಂತೆ ಕನ್ವೇಯರ್ ಬೆಲ್ಟಿನ ಪಟ್ಟಿ ಕಟ್ಟಿಯೂ ನೋಡಿದೆ. ಮಡಚುವುದು ಕಡಿಮೆಯಾಯಿತು ನಿಜ, ಆದರೆ ಪ್ರತಿ ಹಳ್ಳಕ್ಕೂ ಧಡ್ ಅಂತ ಏಟು. ಇಷ್ಟಕ್ಕೇ ಹತ್ತಿರಹತ್ತಿರ 20 ಸಾವಿರ ಹೋಯಿತು.

ದಾರಿ ಟ್ರಯಂಫ್‌ನವರೇ ತೋರಿಸಿದ್ದರು. 1970ರ ತಮ್ಮ ಸ್ಪಿಟ್‌ಫೈರ್ ಮಾರ್ಕ್ 4 ಕಾರಿನಲ್ಲಿ, ತುದಿಗಳಲ್ಲಿ ಕಣ್ಣು (ಬೋಲ್ಟ್ ಕೂರುವ ಸುರುಳಿ) ಇರುವ ಕೆಳಗಿನ ಮುಖ್ಯ ಬ್ಲೇಡನ್ನು ಮಾತ್ರ ಡಿಫರೆನ್ಷಿಯಲ್‌ಗೆ ಬಿಗಿದು, ಮೇಲಿನವನ್ನು ನಡುವಿನ ಪಿವಟ್ ಮೇಲೆ ತೂಗಾಡಲು ಬಿಟ್ಟರು. ಗಾಡಿ ವಾಲಿದಾಗ ಮೇಲಿನ ಬ್ಲೇಡುಗಳು ವಾಲಿಕೆಗೆ ಅಡ್ಡ ಬರುವುದಿಲ್ಲ, ಭಾರ ಹೊರುವಾಗ ಎಲ್ಲವೂ ಸೇರಿ ಹೊರುತ್ತವೆ. ನಾನು ಪ್ಲೇಟ್ ಕತ್ತರಿಸಿ, ಮೇಲಿನ ಬ್ಲೇಡುಗಳನ್ನು ಪಿವಟ್ ಮೇಲೆ ಹಿಡಿದಿಡುವ ಪೆಟ್ಟಿಗೆ ಮಾಡಿಸಿದೆ, ಬುಷ್ ನೈಲಾನ್ ರಾಡಿನಿಂದ ಲೇತಿನಲ್ಲಿ. ಹೊಸದಾಗಿ ಮಾಡಿಸಿದ ಬ್ಲೇಡುಗಳ ಮೊದಲ ಸೆಟ್ ತಿಂಗಳೊಳಗೆ ಕೂತುಹೋಯಿತು. ಕಾಯಿಸಿ ಎಣ್ಣೆಯಲ್ಲಿ ಅದ್ದಿದ ಮೇಲೆ ಟೆಂಪರ್ (ಮತ್ತೆ ಹದವಾಗಿ ಕಾಯಿಸುವುದು) ಸರಿಯಾಗಿ ಕೊಟ್ಟಿರಲಿಲ್ಲ. ಎರಡನೆಯದನ್ನು ಇಎನ್ 45 ಸ್ಪ್ರಿಂಗ್ ಉಕ್ಕಿನಲ್ಲಿ, ಕುಲುಮೆಯ ಪಕ್ಕ ನಾನೇ ನಿಂತು ಮಾಡಿಸಿದೆ. ಪೆಟ್ಟಿಗೆಗೂ ಬ್ಲೇಡಿಗೂ ನಡುವೆ ಎಷ್ಟು ಸಂದು ಬಿಡಬೇಕು ಅನ್ನುವುದರಲ್ಲೇ ಇಡೀ ಕೆಲಸ ಇರೋದು. ಅದನ್ನು ಇಲ್ಲಿ ಬರೆಯುವುದಿಲ್ಲ. ಲೋಹದ ಬೆಣೆ ಹಾಕಿ ಕೂರಿಸಿದ ಹಿಂದಿನ ಚಕ್ರದ ಹಬ್ (ನಡುಗುಂಬ) ಅನ್ನು ಮುರಿಯದೆ ಬಿಚ್ಚುವ ಉಪಾಯವೂ ಸದ್ಯ ನನ್ನ ಹತ್ತಿರವೇ ಇರಲಿ. ಮುಂದಕ್ಕೆ ದಪ್ಪ ಆಂಟಿರೋಲ್ ಬಾರ್ (ವಾಲಿಕೆ ತಡೆಯುವ ಕಂಬಿ) ಮಾತ್ರ ಮರೆಯಬೇಡಿ. ಹಿಂದೆ ಸಡಿಲಾದ ಬಿಗಿಯನ್ನು ಮುಂದೆ ಕೊಡದಿದ್ದರೆ ಗಾಡಿ ವಿಪರೀತ ವಾಲುತ್ತೆ.

ಮಧ್ಯೆ ಮುಂದಿನ ಟ್ರನಿಯನ್ನುಗಳನ್ನೂ (ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಲಿಂಕ್ ತಿರುಗುವ ಕೆಳಗಿನ ಥ್ರೆಡ್ ಕೀಲು) ಬಿಚ್ಚಿದೆ. ಹಿತ್ತಾಳೆಯ ಆ ಭಾಗಕ್ಕೆ ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್ ಹೋಗಬೇಕು. ಗ್ರೀಸ್ ಥ್ರೆಡ್ಡಿನ ತನಕ ತಲುಪುವುದಿಲ್ಲ, ನೀರು ಸೇರಿ ತುಕ್ಕು ಹಿಡಿಯುತ್ತೆ, ಒಂದು ದಿನ ಲಿಂಕ್ ಮುರಿದು ಚಕ್ರ ಮಲಗುತ್ತೆ. ಹಳೇ ಗ್ರೀಸ್ ಗನ್ನಿಗೇ ಆಯಿಲ್ ತುಂಬಿ ಹೊಡೆಯುತ್ತೇನೆ. ಸೋರುತ್ತೆ, ಸೋರಲಿ.

ಬ್ಲೇಡ್ ಕೆಲಸಕ್ಕೆ ವ್ಯರ್ಥವಾದದ್ದೂ ಸೇರಿ ಸುಮಾರು 50 ಸಾವಿರ. ಗ್ಯಾಝೆಲ್ ಆಕ್ಸಲ್ ಗುಜರಿಯಲ್ಲಿ ಸಿಕ್ಕಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು, ಆದರೆ ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡಬೇಕು. 2021ರ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಗಾಡಿಗೆ ಮೂಲ ರೂಪ ಕೇಳುತ್ತೆ. ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ನನ್ನದರಲ್ಲಿ ಒಂದು ತೂತೂ ಹೊಸದಾಗಿ ಕೊರೆದಿಲ್ಲ. ಮೂಲ ಸ್ಪ್ರಿಂಗ್ ಎಣ್ಣೆ ಸವರಿ ಸುತ್ತಿಟ್ಟಿದ್ದೇನೆ, ಅರ್ಧ ದಿನದಲ್ಲಿ ವಾಪಸ್ ಕೂರಿಸಬಹುದು. ಕೊಯಮತ್ತೂರಿನಿಂದ ಬಂದ ಸಂಗ್ರಾಹಕರೊಬ್ಬರು ಪೇಂಟ್ ನೋಡಲೇ ಇಲ್ಲ, ಸೀದಾ ನೆಲಕ್ಕೆ ಮಲಗಿ ಟಾರ್ಚ್ ಬಿಟ್ಟು ಚಾಸಿಯಲ್ಲಿ ವೆಲ್ಡಿಂಗ್ ಗುರುತು ಹುಡುಕಿದರು. ಎದ್ದವರೇ ಐದು ಲಕ್ಷದ ಹತ್ತಿರ ಹೇಳಿದರು. 70 ಸಾವಿರಕ್ಕೆ ತಂದು ಬಾಡಿ ಕೆಲಸಕ್ಕೆ ಎರಡು ಲಕ್ಷ ಸುರಿದ ಗಾಡಿ ಅದು. ಕೊಡಲಿಲ್ಲ. ಶೆಡ್ಡಿನಲ್ಲಿರುವ ಎರಡು ಸೆಟ್ಟುಗಳಲ್ಲಿ ಒಂದು, ಭಾರತದಲ್ಲಿ ಮಾತ್ರ ತಯಾರಾದ ನಾಲ್ಕು ಬಾಗಿಲಿನ ಮಾರ್ಕ್ 3ರದ್ದು. ಅದರ ತೂಕಕ್ಕೆ ಸಂದು ಬೇರೆ ಬೇಕಾಗುತ್ತೆ, ಮಳೆಗಾಲ ಮುಗಿದ ಮೇಲೆ ಕೈ ಹಾಕುತ್ತೇನೆ.