ಉದ್ರಿ ಪುಸ್ತಕದ ಎಡಬದಿ: ಗಿರಾಕಿಯನ್ನು ಅರಿಯಲು ನಾನು ಹಿಡಿದ ದಾರಿ

ರಾಣೆಬೆನ್ನೂರಿನ ನಮ್ಮ ಗೊಬ್ಬರದ ಅಂಗಡಿಯಲ್ಲಿ ಉದ್ರಿ ಕೊಡುವಾಗ ಅಣ್ಣ ಹೇಳುತ್ತಿದ್ದುದು ಒಂದೇ: "ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ." ಗುಮಾಸ್ತರದೂ ಅದೇ ಮಾತು. ನಾನು ಎಲ್ಲವನ್ನೂ ಬರೆದಿಡಲು ಹೊರಟಾಗ ಇಬ್ಬರೂ ನಕ್ಕಿದ್ದರು. ಮೂರೂವರೆ ಲಕ್ಷದ ಆಸುಪಾಸಿನಲ್ಲಿ ನಿಲ್ಲುತ್ತಿದ್ದ ಬಾರದ ಬಾಕಿ ಈಗ ಲಕ್ಷಕ್ಕಿಂತ ಕೆಳಗಿಳಿದಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಪ್ರತಿ ಖಾತೆಯ ಪಕ್ಕ "ನಂಬಿಗಸ್ತರು", "ಸತಾಯಿಸುವವರು" ಎಂದು ಗುರುತು ಹಾಕಿದೆವು. ಎರಡು ಹಂಗಾಮು ದಂಡವಾಯಿತು. ನಂಬಿಗಸ್ತರೆಂದು ಬರೆದವರು ಎಷ್ಟು ತಡಮಾಡಿದರೂ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಆಮೇಲೆ ಮಾತು, ಹೊಲ, ವ್ಯವಹಾರ ಮೂರಕ್ಕೂ ಹತ್ತರಲ್ಲಿ ಅಂಕ ಕೊಟ್ಟು ನೋಡಿದೆವು. ಮಾತಿಗೆ ಎಂಟು ಬಿದ್ದವರಿಗೆ ಹೊಲಕ್ಕೂ ಎಂಟೇ ಬೀಳುತ್ತಿತ್ತು, ಆ ಹೊಲವನ್ನು ನಾವ್ಯಾರೂ ನೋಡಿರದಿದ್ದರೂ! ಅಮೆರಿಕದ ಸೇನಾಧಿಕಾರಿಗಳು ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ್ದರು. ಅಂಕಗಳನ್ನು ನಂಬಿದ ಹಂಗಾಮಿನಲ್ಲಿ ಸುಮಾರು ನಲವತ್ತು ಸಾವಿರ ಮುಳುಗಿತು, ಹೆಚ್ಚಿನದು ಎಂಟರ ಮೇಲಿನವರಿಂದಲೇ.

ಈಗ ಗುಣ ಬರೆಯುವುದೇ ಇಲ್ಲ. ಎಡಬದಿಯಲ್ಲಿ ತಾರೀಖು, ಅವರು ಆಡಿದ ಮಾತು ಆಡಿದ ಹಾಗೆಯೇ, ಮುಂದೆ ನಡೆದದ್ದು, ಜೊತೆಗೆ ಆ ವಾರದ ಮಳೆ ಮತ್ತು ಗೋವಿನಜೋಳದ ಧಾರಣೆ. ಮಳೆ, ಧಾರಣೆ ಬರೆಯುವುದು ಬಲು ಮುಖ್ಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷದ ಬಾಕಿದಾರರನ್ನು ನೆನೆದರೆ ನಮಗೆ ಮೊದಲು ನೆನಪಾಗುವುದು ತಪ್ಪಿದ ವಾಯಿದೆ. ಅವರ ಒಣಗಿದ ಹೊಲ ಮರೆತೇ ಹೋಗಿರುತ್ತದೆ. ಅಂಥ ಒಬ್ಬರಿಗೆ ಮರುವರ್ಷ ಅಣ್ಣ ಬೇಡವೆಂದರೂ ಚೀಲಕ್ಕೆ 1,350 ರೂಪಾಯಿಯ ಡಿಎಪಿ ಗೊಬ್ಬರ ಹತ್ತು ಚೀಲ ಉದ್ರಿ ಕೊಟ್ಟೆ. ಜೋಳ ಮಾರಿದ ವಾರವೇ ಹಳೆಯದನ್ನೂ ಸೇರಿಸಿ ಚುಕ್ತಾ ಮಾಡಿದರು.

ಪುಸ್ತಕ ಇನ್ನೊಂದು ಲಾಭ ತಂದಿತು. ಒಳ್ಳೆಯ ಗಿರಾಕಿ ಯಾರೆಂದರೆ ನಾವು ಮೂವರೂ ಹೇಳುತ್ತಿದ್ದುದು ಅಂಗಡಿಯಲ್ಲಿ ಕುಳಿತು ಚಹಾ ಕುಡಿದು ಹರಟುವವರ ಹೆಸರುಗಳನ್ನೇ. ಮಗನ ಕೈಯಲ್ಲಿ ಹಣ ಕಳಿಸಿ ಸುಮ್ಮನಿರುವ ಹತ್ತು ಹನ್ನೆರಡು ಮಂದಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅವರ ಮಿತಿ ಏರಿಸಿದೆ, ವ್ಯಾಪಾರವೂ ಏರಿತು.

ಓದುವ ಕ್ರಮದಲ್ಲೂ ಒಂದು ಉಪಾಯವಿದೆ. ಒಬ್ಬ ವ್ಯಕ್ತಿಯ ಆರು ಗುಣಗಳನ್ನೇ ಹಿಂದುಮುಂದಾಗಿ ಓದಿ ಹೇಳಿದರೆ ಕೇಳಿದವರ ಅಭಿಪ್ರಾಯ ಬದಲಾಗುವುದನ್ನು ಮನೋವಿಜ್ಞಾನಿ ಸಾಲೊಮನ್ ಆಶ್ 1946ರಲ್ಲಿ ತೋರಿಸಿದ್ದಾರೆ. ಆದ್ದರಿಂದ ನಾನು ಹಳೆಯ ಸಾಲಿನಿಂದ ಓದುತ್ತೇನೆ, ಗುಮಾಸ್ತರು ಹೊಸದರಿಂದ. ಮಾತನಾಡುವ ಮೊದಲೇ ಇಬ್ಬರೂ ಎಷ್ಟು ಉದ್ರಿ ಕೊಡಬಹುದೆಂದು ಚೀಟಿಯಲ್ಲಿ ಮೊತ್ತ ಬರೆಯುತ್ತೇವೆ. ಅಂತರ ದೊಡ್ಡದಿದ್ದರೆ ಅಂದು ಉದ್ರಿ ಇಲ್ಲ. ಚೀಲ ಎತ್ತುವ ಮೊದಲು ಗಿರಾಕಿಗೆ ಕೇಳುವ ಎರಡು ಪ್ರಶ್ನೆಗಳು ಮಾತ್ರ ನನ್ನ ಬಳಿಯೇ ಇರಲಿ.

ಒಮ್ಮೆ ಪುಟ ಮುಚ್ಚಿ, ಬಾಕಿ ಉಳಿಸಿಕೊಂಡವರು ಯುಗಾದಿಯಲ್ಲಿ ಏನು ಹೇಳಿದ್ದರೆಂದು ನೆನಪಿನಿಂದ ಬರೆಯಲು ಅಣ್ಣನಿಗೆ ಹೇಳಿದೆ. "ಆಗಲೇ ತಡವರಿಸಿದ್ದರು" ಎಂದು ಹೆಚ್ಚುಕಡಿಮೆ ಎಲ್ಲರ ಬಗ್ಗೆಯೂ ಬರೆದರು. ಪುಸ್ತಕ ತೆರೆದರೆ ಅಂಥ ಸಾಲು ಒಬ್ಬಿಬ್ಬರ ಖಾತೆಯಲ್ಲಷ್ಟೇ ಇತ್ತು. ಅಣ್ಣ ನನ್ನ ಪುಸ್ತಕದತ್ತ ತಿರುಗಿದ್ದು ಅಂದಿನಿಂದ.

ಬರೆಯುವುದು ಅದೇ ರಾತ್ರಿ ಆಗಬೇಕು. ಮರುದಿನಕ್ಕೆ ಬಿಟ್ಟರೆ ಅವರ ಮಾತಿನಲ್ಲಿ ನಮ್ಮ ಮಾತು ಬೆರೆಯುತ್ತದೆ. ಮೇಲುಗೊಬ್ಬರದ ಯೂರಿಯಾಕ್ಕೂ ಇದನ್ನೇ ಹಚ್ಚುವ ಆಸೆಯಿದೆ. ಆದರೆ ಆಗ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಯಾರು ಏನೆಂದರೆಂದು ರಾತ್ರಿಯವರೆಗೆ ಉಳಿಯುವುದೂ ಇಲ್ಲ. ಅದಕ್ಕಿನ್ನೂ ದಾರಿ ಹುಡುಕುತ್ತಿದ್ದೇನೆ.