ಅಪ್ಪನ ತೂಗುಗುಂಡು, ಅಜ್ಜಿಯ ಹೊಂಗೆ: ನಮ್ಮ ಶಾಲೆಯ ವಸಂತದ ಪಾಠ

ಬೆಂಗಳೂರಿನ ಮೈಸೂರು ರಸ್ತೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ಫೆಬ್ರವರಿಯಿಂದ ಏಪ್ರಿಲ್ 10ರವರೆಗಿನ ದಿನಗಳು ನನಗೆ ಇಡೀ ವರ್ಷದಲ್ಲೇ ಹೆಚ್ಚು ಇಷ್ಟ. ಪಂಚಾಂಗದ ಲೆಕ್ಕದಲ್ಲಿ ವಸಂತ ಶುರುವಾಗುವುದು ಯುಗಾದಿಗೆ. ಬೆಂಗಳೂರಿನ ಮರಗಳು ಅಷ್ಟು ದಿನ ಕಾಯುವುದಿಲ್ಲ. ಫೆಬ್ರವರಿಗೇ ಅರಳಿಮರ ಹಳೇ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಡಲು ಶುರು ಮಾಡುತ್ತದೆ. ಮಾವು ಹೂ ಬಿಟ್ಟಿರುತ್ತದೆ. ಮಾರ್ಚ್ ಬಂತೆಂದರೆ ಕೋಗಿಲೆ ಬೆಳಗಿನ ಜಾವಕ್ಕೇ ಕೂಗುತ್ತದೆ.

ಇದೇ ಹೊತ್ತಿಗೆ ಶಾಲೆಯೊಳಗೆ ರಿವಿಷನ್, ಪರೀಕ್ಷೆ, ಅಂಕಪಟ್ಟಿ. ಹೊರಗೆ ಇಷ್ಟೆಲ್ಲ ನಡೆಯುತ್ತಿರುವಾಗ ಮಕ್ಕಳನ್ನು ಕಪ್ಪುಹಲಗೆ ಕಡೆಗೇ ಮುಖ ಮಾಡಿ ಕೂರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಂತ ಪರೀಕ್ಷೆ ಬಿಡೋಕೂ ಆಗಲ್ಲ, ಅಲ್ವಾ? ಅದಕ್ಕೇ ಅಳತೆ, ಪಟ್ಟಿ, ಸ್ತಂಭಾಲೇಖ (ಬಾರ್ ಗ್ರಾಫ್), ಪರಿಸರ ಅಧ್ಯಯನ ಎಲ್ಲವನ್ನೂ ಅಂಗಳಕ್ಕೆ ತಂದೆ. ಜೊತೆಗೆ ಮಕ್ಕಳ ಮನೆಯವರನ್ನೂ ತಂದೆ. ಈ ಎರಡನೆಯದರ ಬಗ್ಗೆಯೇ ಇಲ್ಲಿ ಜಾಸ್ತಿ ಹೇಳಬೇಕು.

ನಮ್ಮ ಮಕ್ಕಳ ಅಮ್ಮಂದಿರಲ್ಲಿ ಬಹಳ ಜನ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಕೆಲವರು ಮನೆಗೆಲಸಕ್ಕೆ. ಅಪ್ಪಂದಿರು ಆಟೋ ಓಡಿಸುತ್ತಾರೆ, ಗಾರೆ ಕೆಲಸ ಮಾಡುತ್ತಾರೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಇದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರೂ ಇದ್ದಾರೆ. ಹಗಲಿನ ಪೋಷಕರ ಸಭೆಗೆ ಬಂದರೆ ಇವರ ಆ ದಿನದ ಕೂಲಿ ಹೋಗುತ್ತದೆ. ಬಂದ ಮೇಲೆ ಕೇಳಿಸಿಕೊಳ್ಳುವುದು ಏನು? ಮಗು ಓದುತ್ತಿಲ್ಲ, ಹೋಮ್‌ವರ್ಕ್ ಮಾಡಿಸಿ, ತಪ್ಪದೇ ಕಳಿಸಿ. ಅಕ್ಷರ ಬಾರದ ಅಮ್ಮ ಹೋಮ್‌ವರ್ಕ್ ಹೇಗೆ ಮಾಡಿಸಬೇಕು? ಇವರಿಗೆ ಮಕ್ಕಳ ಓದಿನಲ್ಲಿ ಆಸಕ್ತಿ ಇಲ್ಲ ಅನ್ನುವ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಆ ಮಾತು ಸುಳ್ಳು. ಅವರನ್ನು ನಾವು ಬರೀ ಕೇಳಿಸಿಕೊಳ್ಳಲು ಕರೆಯುತ್ತೇವೆ. ಅವರಿಗೆ ಗೊತ್ತಿರುವುದನ್ನು ಕೇಳುವುದೇ ಇಲ್ಲ.

ಹಾಗಾಗಿ ಮನೆಗೆ ಕಳಿಸುವ ಪ್ರತಿ ಕೆಲಸಕ್ಕೂ ಒಂದು ಕಟ್ಟುಪಾಡು ಹಾಕಿಕೊಂಡೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಬಾರದು. ಓದು ಬರಹ ಬೇಕಾಗಬಾರದು. ಕತ್ತಲಾದ ಮೇಲೆ ಅಥವಾ ಭಾನುವಾರ ಮಾಡುವಂತಿರಬೇಕು. ಮನೆಯ ಹಿರಿಯರಿಗೆ ಅದರ ಬಗ್ಗೆ ನನಗಿಂತ ಜಾಸ್ತಿ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಪ್ರಾಜೆಕ್ಟ್ ಹೆಸರಲ್ಲಿ ಥರ್ಮೋಕೋಲ್, ಚಾರ್ಟ್, ಸ್ಟೇಷನರಿ ಅಂಗಡಿಯ ರೆಡಿಮೇಡ್ ಚಿತ್ರ ತರಿಸುವುದನ್ನು ಪೂರ್ತಿ ನಿಲ್ಲಿಸಿದೆ. ಅದರಿಂದ ಮಗುವೂ ಕಲಿಯುವುದಿಲ್ಲ, ಮನೆಯವರಿಗೂ ಹೊರೆ.

ಮೊದಲು ನೆರಳಿನ ಪಾಠ ಹೇಳುತ್ತೇನೆ. ಪ್ರಾರ್ಥನೆ ಮಾಡುವ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕಂಬ ನಿಲ್ಲಿಸಿ, ವಾರಕ್ಕೊಮ್ಮೆ ನಡುಹಗಲಿನ ನೆರಳು ಅಳೆಯಬೇಕು. ಬೆಂಗಳೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಗಡಿಯಾರದ 12ಕ್ಕಲ್ಲ. ಫೆಬ್ರವರಿಯಲ್ಲಿ 12.34ರ ಸುಮಾರಿಗೆ, ಮಾರ್ಚ್ 20ರ ಹೊತ್ತಿಗೆ 12.27ರ ಸುಮಾರಿಗೆ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು 77.6ರಲ್ಲಿ. ಸೂರ್ಯ ನಮ್ಮ ನೆತ್ತಿಯ ಕಡೆ ಬರುವುದು ಅಷ್ಟು ತಡ. ಬಿಸಿಯೂಟಕ್ಕೆ ಸ್ವಲ್ಪ ಮುಂಚಿನ ಹೊತ್ತಾದ್ದರಿಂದ ನಮಗೆ ಅನುಕೂಲವೇ ಆಯಿತು. ಬಿಸಿಲಲ್ಲಿ ಐದೇ ನಿಮಿಷದ ಕೆಲಸ. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಪ್ರತಿ ಸಲವೂ ಹೇಳುತ್ತೇನೆ.

ಕಂಬ ನೆಟ್ಟಗಿರಬೇಕು, ನೆಲ ಮಟ್ಟವಾಗಿರಬೇಕು. ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ. ಇದನ್ನು ಯಾರು ಚೆನ್ನಾಗಿ ಮಾಡುತ್ತಾರೆ ಅಂತ ತರಗತಿಯಲ್ಲಿ ಕೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ನಮ್ಮಪ್ಪ ದಿನಾ ಅದೇ ಮಾಡ್ತಾರೆ ಮಿಸ್" ಅಂದ. ಅವನ ಅಪ್ಪ ಯಾದಗಿರಿ ಕಡೆಯವರು, ಗಾರೆ ಮೇಸ್ತ್ರಿ. ಶಾಲೆಯ ಗೇಟಿನ ಒಳಗೆ ಅವರು ಬಂದಿದ್ದನ್ನು ನಾನು ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಬರಲು ಹೇಳಿ ಕಳಿಸಿದೆ. "ನಾ ಏನೂ ಓದಿಲ್ರೀ ಮೇಡಂ, ಮಕ್ಕಳಿಗೆ ಏನ್ ಹೇಳ್ಲಿ?" ಅಂತ ಗೇಟಿನಲ್ಲೇ ನಿಂತರು. ಏನೂ ಹೇಳುವುದು ಬೇಡ, ಕಂಬ ನಿಲ್ಲಿಸಿಕೊಡಿ ಸಾಕು ಅಂದೆ.

ಒಳಗೆ ಬಂದವರೇ ಕಂಬವನ್ನು ಒಮ್ಮೆ ನೋಡಿದರು. "ಇದು ಡೊಂಕೈತ್ರಿ" ಅಂದರು. ನನ್ನ ಕಣ್ಣಿಗೆ ಅದು ನೆಟ್ಟಗೇ ಕಾಣುತ್ತಿತ್ತು. ಚೀಲದಿಂದ ದಾರಕ್ಕೆ ಕಟ್ಟಿದ ತೂಗುಗುಂಡು ತೆಗೆದು, ಎರಡು ದಿಕ್ಕಿನಿಂದಲೂ ಇಳಿಬಿಟ್ಟು ತೋರಿಸಿದರು. ಒಂದೇ ದಿಕ್ಕಿನಿಂದ ನೋಡಿದರೆ ಸಾಲದು, ಇನ್ನೊಂದು ಕಡೆಗೆ ವಾಲಿರಬಹುದು ಅಂದರು. ಆಮೇಲೆ ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಇಬ್ಬರು ಮಕ್ಕಳ ಕೈಗೆ ಕೊಟ್ಟು ನೆಲದ ಮಟ್ಟ ನೋಡಿದರು. ಎರಡೂ ತುದಿಯಲ್ಲಿ ನೀರು ಒಂದೇ ಎತ್ತರಕ್ಕೆ ನಿಲ್ಲುವುದನ್ನು ಮಕ್ಕಳು ಬಾಯಿ ತೆರೆದು ನೋಡಿದರು. ಯಾಕೆ ಹಾಗೆ ನಿಲ್ಲುತ್ತದೆ ಅಂತ ಒಬ್ಬಳು ಕೇಳಿದಳು. ಸೋಮವಾರದ ವಿಜ್ಞಾನದ ಪಾಠ ಅಲ್ಲಿಂದಲೇ ಶುರುವಾಯಿತು. ತನ್ನ ಅಪ್ಪ ಹೇಳಿಕೊಡುತ್ತಿದ್ದಷ್ಟು ಹೊತ್ತೂ ಆ ಹುಡುಗ ಪಕ್ಕದಲ್ಲಿ ದಾರ ಹಿಡಿದು ನಿಂತಿದ್ದ. ಅವನು ಅಷ್ಟು ನೇರವಾಗಿ ನಿಂತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ಕಂಬದ ನೆರಳು ಫೆಬ್ರವರಿ 10ರ ಸುಮಾರಿಗೆ 52 ಸೆಂಟಿಮೀಟರ್ ಇರುತ್ತದೆ. ಹಗಲು ರಾತ್ರಿ ಸಮವಾಗುವ ಮಾರ್ಚ್ 20ರ ಹೊತ್ತಿಗೆ 23ಕ್ಕೆ ಇಳಿಯುತ್ತದೆ. ಏಪ್ರಿಲ್ 10ಕ್ಕೆ ಒಂಬತ್ತರ ಹತ್ತಿರ. ಐದನೇ ತರಗತಿಯವರು ವಾರವಾರದ ಅಳತೆಯನ್ನು ಸ್ತಂಭಾಲೇಖವಾಗಿ ಬರೆದರು. ಮುಂದಿನ ವಾರ ಎಷ್ಟಿರಬಹುದು ಅಂತ ಮೊದಲೇ ಊಹಿಸಿ ಬರೆಯುವುದೇ ಅವರಿಗೆ ದೊಡ್ಡ ಆಟವಾಯಿತು. ಈ ಅಧ್ಯಾಯವನ್ನು ಬೇರೆ ರಿವಿಷನ್ ಮಾಡಿಸುವ ಅಗತ್ಯವೇ ಬರಲಿಲ್ಲ.

ಇದಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಿದ್ದು ಚಂದ್ರ. 2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮರುದಿನ ನಮ್ಮ ಕಡೆಯವರಿಗೆ ಹೊಸತೊಡಕು. ಅದೇ ದಿನ ರಂಜಾನ್ ಹಬ್ಬ. ಎರಡೂ ಹಬ್ಬ ಹೀಗೆ ಅಕ್ಕಪಕ್ಕ ಬಂದಿದ್ದು ಒಂದೇ ಚಂದ್ರನ ಲೆಕ್ಕದಿಂದ. ಅಮಾವಾಸ್ಯೆ ಕಳೆದ ಮೇಲೆ ಚೈತ್ರ ಶುರು. ಅಮಾವಾಸ್ಯೆ ಕಳೆದು ಮೊದಲ ಗೆರೆ ಕಂಡರೆ ರಂಜಾನ್ ತಿಂಗಳು ಮುಗಿಯಿತು. ಮಕ್ಕಳಿಗೆ ಇದನ್ನು ನಾನು ಹೇಳಲಿಲ್ಲ. ಹದಿನೈದು ಖಾಲಿ ಚೌಕಗಳಿರುವ ಒಂದು ಹಾಳೆ ಕೊಟ್ಟೆ. ಯುಗಾದಿ ಸಂಜೆಯಿಂದ ದಿನಾ ಮನೆಯ ದೊಡ್ಡವರೊಬ್ಬರ ಜೊತೆ ಆಕಾಶ ನೋಡಿ, ಕಂಡ ಹಾಗೆ ಚಿತ್ರ ಬಿಡಿಸಿ ಅಂದೆ. ಕೆಲಸ ಮುಗಿಸಿ ಮನೆಗೆ ಬಂದ ಅಮ್ಮನಿಗೂ ಮಹಡಿ ಹತ್ತಲು ಐದು ನಿಮಿಷ ಸಿಗುತ್ತದೆ.

ಆ ಭಾನುವಾರ ಸಂಜೆ ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ತೆಳ್ಳಗಿನ ಗೆರೆ ಕಂಡಿತು. ಒಂದೇ ವಠಾರದ ಮಹಡಿ ಮೇಲೆ ಯುಗಾದಿ ಚಂದ್ರನನ್ನು ಹುಡುಕುವವರೂ ರಂಜಾನ್ ಚಂದ್ರನನ್ನು ಹುಡುಕುವವರೂ ಒಂದೇ ಕಡೆಗೆ ನೋಡುತ್ತಾ ನಿಂತಿದ್ದರಂತೆ. ನಾಲ್ಕನೇ ತರಗತಿಯ ಇಬ್ಬರು ಹುಡುಗಿಯರು ಬಂದು, "ಮಿಸ್, ನಮ್ಮಿಬ್ಬರದ್ದೂ ಒಂದೇ ಚಂದ್ರ" ಅಂದರು. ಒಬ್ಬಳ ಮನೆಯಲ್ಲಿ ಉರ್ದು, ಇನ್ನೊಬ್ಬಳ ಮನೆಯಲ್ಲಿ ತೆಲುಗು. ನಾನು ಎಷ್ಟು ಚೆನ್ನಾಗಿ ವಿವರಿಸಿದ್ದರೂ ಇದು ಹೀಗೆ ಅವರದ್ದಾಗುತ್ತಿರಲಿಲ್ಲ.

ಚಿತ್ರಗಳಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಪುಸ್ತಕಗಳಲ್ಲಿ ಬಿದಿಗೆ ಚಂದ್ರನನ್ನು ನೆಟ್ಟಗೆ ನಿಲ್ಲಿಸಿ ಬರೆದಿರುತ್ತಾರೆ. ನಿಜವಾಗಿ ನೋಡಿ ಬರೆದ ಮಕ್ಕಳ ಹಾಳೆಯಲ್ಲಿ ಚಂದ್ರ ಮಲಗಿದ್ದ. ಅವರು ಬರೆದಿದ್ದೇ ಸರಿ. ಭೂಮಧ್ಯರೇಖೆಗೆ ಹತ್ತಿರದ ನಮ್ಮಂಥ ಊರಿನಲ್ಲಿ, ಈ ತಿಂಗಳುಗಳಲ್ಲಿ, ಮುಳುಗಿದ ಸೂರ್ಯ ಬಹುತೇಕ ಚಂದ್ರನ ನೇರ ಕೆಳಗಿರುತ್ತಾನೆ. ಅದಕ್ಕೇ ಬೆಳಕು ಕೆಳಗಿನ ಅಂಚಿಗೆ ಬೀಳುತ್ತದೆ. ಕಣ್ಣಿಂದ ನೋಡಿದ್ದನ್ನು ನಂಬಿ ಬರೆದ ಮಕ್ಕಳನ್ನು ಎಲ್ಲರ ಮುಂದೆ ಹೊಗಳಿದೆ. ದಿನದಿಂದ ದಿನಕ್ಕೆ ಚಂದ್ರ ಸುಮಾರು 50 ನಿಮಿಷ ತಡವಾಗಿ ಮುಳುಗುತ್ತಾನೆ ಅನ್ನುವುದನ್ನು ಒಬ್ಬ ಆಟೋ ಓಡಿಸುವ ಅಪ್ಪ ಮಗಳಿಗೆ ತೋರಿಸಿಕೊಟ್ಟಿದ್ದರು. ರಾತ್ರಿ ಪಾಳಿಯಲ್ಲಿ ಅವರು ದಿನಾ ನೋಡುವ ಆಕಾಶ ಅದು.

ಹಾಳೆಯ ಕೊನೆಯ ಚೌಕಗಳು ರಜೆಯಲ್ಲಿ ಬಂದವು. ಹುಣ್ಣಿಮೆ ಏಪ್ರಿಲ್ 12ಕ್ಕೆ. ಅದು ಚೈತ್ರ ಹುಣ್ಣಿಮೆ, ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಬೆಂಗಳೂರು ಕರಗ ಹೊರಡುವ ರಾತ್ರಿ. ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ. ಕರಗ ನೋಡಲು ಹೋದ ಮಕ್ಕಳು ತುಂಬಿದ ಚಂದ್ರನನ್ನು ಅಲ್ಲೇ ಬರೆದುಕೊಂಡರು. ಕರಗ ಯಾಕೆ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುತ್ತದೆ ಅನ್ನುವುದು ಅವರಿಗೆ ಈಗ ಬಾಯಿಪಾಠವಲ್ಲ.

ಮರದ ಪಾಠ ಸುಲಭ. ಅಂಗಳದಲ್ಲಿ ಒಂದು ಹೊಂಗೆ, ಗೇಟಿನ ಬಳಿ ಒಂದು ಬೇವು. ಒಂದೊಂದು ಗುಂಪಿಗೆ ಒಂದೊಂದು ಮರ. ಶನಿವಾರ ಬೆಳಿಗ್ಗೆ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ ನೋಡಿ "ಇಲ್ಲ, ಸ್ವಲ್ಪ, ತುಂಬಾ" ಅಂತ ಮೂರರಲ್ಲಿ ಒಂದಕ್ಕೆ ಗುರುತು ಹಾಕುವುದು. ದೇಶದ ಬೇರೆ ಬೇರೆ ಕಡೆಯ ಶಾಲಾ ಮಕ್ಕಳು ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ವಾರಕ್ಕೊಮ್ಮೆ ಮರ ನೋಡುವುದೂ ಹೆಚ್ಚುಕಡಿಮೆ ಹೀಗೇ. ಹೊಂಗೆಯಲ್ಲಿ ಒಂದು ಸೊಗಸಿದೆ. ಹೋದ ವರ್ಷದ ಹೂವಿನಿಂದಾದ ಕಾಯಿ ಬಲಿಯುವುದು ಈ ಫೆಬ್ರವರಿ, ಮಾರ್ಚ್‌ಗೆ. ಹಾಗಾಗಿ ಒಣಗಿದ ಕಾಯಿ ಮತ್ತು ಹೊಳೆಯುವ ಹೊಸ ಚಿಗುರು ಒಂದೇ ಕೊಂಬೆಯಲ್ಲಿ ಸಿಗುತ್ತವೆ. ಆಮೇಲೆ ಹೂ ಉದುರಿ ಅಂಗಳದಲ್ಲಿ ಪುರಿ ಚೆಲ್ಲಿದ ಹಾಗೆ ಬೀಳುತ್ತದೆ. ಹೂ ಬಿಟ್ಟಾಗ ಜೇನು ಜಾಸ್ತಿ ಬರುತ್ತದೆ, ಆಗ ಮಕ್ಕಳನ್ನು ದೂರ ನಿಲ್ಲಿಸಿ ತೋರಿಸಬೇಕು.

ಪೇಪರಿನಲ್ಲಿ, ಫೋನಿನಲ್ಲಿ ಈ ಹೊತ್ತಿಗೆ ಎಲ್ಲೆಲ್ಲೂ ಗುಲಾಬಿ ಬಣ್ಣದ ಟಬೂಬಿಯಾ ಫೋಟೋಗಳೇ. ಚೆನ್ನಾಗಿರುತ್ತದೆ ನಿಜ, ಆದರೆ ಅದು ಅಮೆರಿಕ ಖಂಡದಿಂದ ಬಂದ ಮರ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವ ಹಾಗೆ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು. ಇದನ್ನು ಮಕ್ಕಳಿಗೆ ಹೇಳುತ್ತೇನೆ. ಆದರೆ ಅವರ ಅಜ್ಜಿಯರಿಗೆ ಗೊತ್ತಿರುವುದು ಹೊಂಗೆ, ಬೇವು. ಮಾಗಡಿ ಕಡೆಯ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವರು, ನಾವು ಎಲೆ ಗುಡಿಸುವುದನ್ನು ನೋಡಿ ನಿಂತರು. "ಹೊಂಗೆ ಸೊಪ್ಪನ್ನ ಬಿಸಾಕ್ತಾರಾ ಕಣವ್ವ? ಗದ್ದೇಲಿ ತುಳಿದರೆ ಅದಕ್ಕಿಂತ ಗೊಬ್ಬರ ಇಲ್ಲ" ಅಂದರು. ಹೊಂಗೆ ಎಣ್ಣೆಯ ದೀಪ, ಎಣ್ಣೆ ತೆಗೆದ ಮೇಲಿನ ಹಿಂಡಿ, ಎಲ್ಲ ಹೇಳಿದರು. ಅವರನ್ನು ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂರಿಸಿ ಮಕ್ಕಳನ್ನು ಸುತ್ತ ಕೂರಿಸಿದೆ. ಅವತ್ತಿಂದ ಉದುರಿದ ಎಲೆ ಶಾಲೆಯ ಕೈತೋಟದ ಗುಂಡಿಗೆ ಹೋಗುತ್ತಿದೆ.

ಮನೆಯವರಿಗೆ ಸುದ್ದಿ ಮುಟ್ಟಿಸುವ ಬಗ್ಗೆ ಒಂದು ಮಾತು. ವಾಟ್ಸಾಪ್ ಗುಂಪಿಗೆ ಬರೆದು ಹಾಕಿದ್ದನ್ನು ಓದುವವರು ಕಡಿಮೆ. ಧ್ವನಿ ಸಂದೇಶವಾದರೆ ಎಲ್ಲರೂ ಕೇಳುತ್ತಾರೆ. ಅದನ್ನೂ ನಾನು ಹೇಳುವುದಿಲ್ಲ. ಮಕ್ಕಳೇ ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಅರ್ಧ ಅರ್ಧ ನಿಮಿಷ ಹೇಳುತ್ತಾರೆ. ಬಹಳ ಮನೆಗಳಲ್ಲಿ ಇರುವುದು ಒಂದೇ ಫೋನು, ಅದು ಹಗಲು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಹಾಗಾಗಿ ಕಳಿಸುವುದು ರಾತ್ರಿ ಎಂಟರ ಮೇಲೆ. ಗೊತ್ತಿರುವ ಕೆಲಸಕ್ಕೆ ಒಬ್ಬೊಬ್ಬರನ್ನೇ ಕರೆದಾಗ ಬಂದವರು, ಆಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೂ ಬರತೊಡಗಿದರು. ಮಗು ಹೇಗಿದೆ ಅಂತ ನಾನು ಕೇಳುವ ಮೊದಲೇ ಅವರೇ ಹೇಳುತ್ತಾರೆ.

ಏಪ್ರಿಲ್ 11ಕ್ಕೆ ರಜೆ ಶುರು. ನೆರಳಿನ ಕಥೆಯ ಮುಖ್ಯ ದಿನ ಬರುವುದು ಅದಾದ ಮೇಲೆ. ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12.17ರ ಹೊತ್ತಿಗೆ, ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಶೂನ್ಯ ನೆರಳಿನ ದಿನ ಅಂತಾರಲ್ಲ, ಅದೇ. ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡ. ರಜೆಗೆ ಊರಿಗೆ ಹೋಗುವ ಮಕ್ಕಳಿಗೆ ಬೇರೆ ತಾರೀಖು ಬರೆದುಕೊಟ್ಟೆ. ಉತ್ತರಕ್ಕೆ ಹೋದಷ್ಟೂ ಅದು ತಡ. ಬಳ್ಳಾರಿಯಲ್ಲಿ ಮೇ 1ರ ಸುಮಾರಿಗೆ, ರಾಯಚೂರು, ಯಾದಗಿರಿಯಲ್ಲಿ ಮೊದಲ ವಾರದಲ್ಲಿ, ಕಲಬುರಗಿಯಲ್ಲಿ 9ರ ಸುಮಾರಿಗೆ. ಒಂದು ಸ್ಟೀಲ್ ಲೋಟ ಬೋರಲು ಹಾಕಿದರೂ ಸಾಕು, ನೋಡಬಹುದು.

ಜೂನ್‌ನಲ್ಲಿ ಮಕ್ಕಳು ತಾರೀಖು, ಊರು ಬರೆದ ಚೀಟಿಗಳನ್ನು ತಂದರು. ಕರ್ನಾಟಕದ ನಕ್ಷೆಯ ಮೇಲೆ ಅವನ್ನು ಅಂಟಿಸಿದೆವು. ದಕ್ಷಿಣದಿಂದ ಉತ್ತರಕ್ಕೆ ಸೂರ್ಯ ಹೋದ ದಾರಿ ಅದರಲ್ಲಿ ಕಾಣುತ್ತದೆ. ಮೈಸೂರು, ಚಾಮರಾಜನಗರದ ಕಡೆ ಮಾತ್ರ ನಕ್ಷೆ ಖಾಲಿ. ಆ ಕಡೆಯಲ್ಲಿ ಅಜ್ಜಿ ಮನೆ ಇರುವ ಮಕ್ಕಳು ನಾಲ್ಕನೇ ತರಗತಿಯಲ್ಲಿ ಯಾರಿದ್ದಾರೆ ಅಂತ ಈಗ ಹುಡುಕುತ್ತಿದ್ದೇನೆ. ಅಲ್ಲಿ ಸೂರ್ಯ ಬೆಂಗಳೂರಿಗಿಂತ ಮೊದಲೇ ನೆತ್ತಿಗೆ ಬರುತ್ತಾನೆ, ಅವರಿಗೆ ಬೇಗ ಹೇಳಿ ಕಳಿಸಬೇಕು.